ಜಗಲಿಗಿಳಿದ ನಾಟಕ: ಅವನೀಂದ್ರನಾಥರ ಮಕ್ಕಳ ಬರಹ ಮತ್ತು ಜೋರಾಸಾಂಕೊ ಮನೆಯ ರಂಗಪರಂಪರೆ

ಅವನೀಂದ್ರನಾಥ ಟಾಗೋರರ ಹೆಸರು ಕನ್ನಡದಲ್ಲಿ ಕೇಳಿಬರುವುದು ಹೆಚ್ಚಾಗಿ ಕೆ. ವೆಂಕಟಪ್ಪನವರ ನೆಪದಲ್ಲಿ. ಮೈಸೂರು ಅರಮನೆಯ ಚಿತ್ರಗಾರರ ಮನೆತನದಿಂದ ಬಂದ ವೆಂಕಟಪ್ಪ 1909ರಲ್ಲಿ ಕಲ್ಕತ್ತೆಗೆ ಹೋಗಿ ಅವರ ಕೈಕೆಳಗೆ ವರ್ಷಗಟ್ಟಲೆ ಕಲಿತರು. ಭಾರತೀಯ ಶಿಲ್ಪದ ಅಂಗಲಕ್ಷಣಗಳನ್ನು ಕುರಿತು ಗುರು ಬರೆದ ಪುಸ್ತಕಕ್ಕೆ ನಂದಲಾಲ್ ಬೋಸರ ಜೊತೆಗೂಡಿ ರೇಖಾಚಿತ್ರಗಳನ್ನೂ ಬರೆದುಕೊಟ್ಟರು. ಹಾಗಾಗಿ ನಮಗೆ ಅವನೀಂದ್ರರು ಬಂಗಾಳ ಶೈಲಿಯ ಆಚಾರ್ಯರು, ‘ಭಾರತಮಾತೆ’ಯನ್ನು ಚಿತ್ರಿಸಿದವರು, ಪರಿಚಯ ಅಲ್ಲಿಗೆ ಮುಗಿಯುತ್ತದೆ. ಬಂಗಾಳದ ಮನೆಗಳಲ್ಲಿ ಹಾಗಲ್ಲ. ಅಲ್ಲಿ ಅಕ್ಷರ ಕೂಡಿಸಿ ಓದಲು ಕಲಿತ ಮಗು ಚಿತ್ರಶಾಲೆಯ ಮೆಟ್ಟಿಲು ಹತ್ತುವುದಕ್ಕೆ ಎಷ್ಟೋ ಮುಂಚೆಯೇ ಅವರ ‘ಖೀರೇರ್ ಪುತುಲ್’ ಎಂಬ ಮಕ್ಕಳ ಕಥೆಯ ಕೋತಿಯ ಸ್ನೇಹ ಮಾಡಿಕೊಂಡಿರುತ್ತದೆ.

ಚಿತ್ರಕಾರ, ಮಕ್ಕಳ ಕಥೆಗಾರ ಎಂಬ ಈ ಎರಡು ಹೆಸರುಗಳನ್ನು ಬೆಸೆಯಲು ಬಂಗಾಳಿ ವಿಮರ್ಶೆ ಬಹುಕಾಲದಿಂದ ಒಂದೇ ಅಂಟು ಬಳಸುತ್ತ ಬಂದಿದೆ: ಅವರು ಕುಂಚದಿಂದ ಮಾಡಿದ್ದನ್ನೇ ಲೇಖನಿಯಿಂದಲೂ ಮಾಡಿದರು, ಅವರ ಗದ್ಯ ಕಣ್ಣಿಗೆ ಕಟ್ಟುವ ಚಿತ್ರಮಾಲೆ, ಹೀಗೆ. ಈ ಮಾತು ಸುಳ್ಳೆನ್ನಲಾರೆ. ಆದರೆ ಅವರ ಯಾವ ಮಕ್ಕಳ ಪುಸ್ತಕವನ್ನಾದರೂ ಗಟ್ಟಿಯಾಗಿ ಓದಿ ನೋಡಿದವರಿಗೆ ಅದು ಸಾಲದೆನಿಸುತ್ತದೆ. ಆ ವಾಕ್ಯಗಳು ಉಸಿರಿಗೆ ತಕ್ಕಂತೆ ನಿಲ್ಲುತ್ತವೆ, ಎದುರಿಗೆ ಕೂತವರ ಮುಖ ನೋಡಿಕೊಂಡು ತಿರುಗುತ್ತವೆ, ಬೇಕೆಂದೇ ಹೇಳಿದ್ದನ್ನು ಮತ್ತೆ ಹೇಳುತ್ತವೆ. ಅದು ಆಡಿ ರೂಢಿಯಾದವರ ಗದ್ಯ. ಆಡುವ ಆ ರೂಢಿ ಬಂದದ್ದು ಕಲ್ಕತ್ತೆಯ ಜೋರಾಸಾಂಕೊದ ಟಾಗೋರ್ ಮನೆಯಿಂದ, ಮೂರು ತಲೆಮಾರಿನ ಮನೆನಾಟಕದಿಂದ. ಜೋರಾಸಾಂಕೊ ರಂಗಪರಂಪರೆ ಎಂದಾಕ್ಷಣ ನಾವು ರವೀಂದ್ರನಾಥರನ್ನು ನೆನೆದು ಸುಮ್ಮನಾಗುತ್ತೇವೆ. ಆ ಪರಂಪರೆ ತನ್ನ ಹುಟ್ಟಿನಲ್ಲೇ ಕೈಬಿಟ್ಟಿದ್ದ ಅರ್ಧವನ್ನು ಮರಳಿ ಎತ್ತಿಕೊಂಡವರು ಅವನೀಂದ್ರರು. ಅದನ್ನು ಮಕ್ಕಳ ಸಾಹಿತ್ಯದ ಮೂಲಕವೇ ಎತ್ತಿಕೊಂಡರು ಎಂಬುದು ನನ್ನ ವಾದ.

ಹುಟ್ಟಿನ ಕಥೆ ಸ್ವಾರಸ್ಯಕರವಾಗಿದೆ. ದ್ವಾರಕಾನಾಥ ಟಾಗೋರರ ಸಂಸಾರ ಅಕ್ಕಪಕ್ಕದ ಎರಡು ಮನೆಗಳಲ್ಲಿ ಹಂಚಿಕೊಂಡಿತ್ತು. ಆರನೆಯ ನಂಬರಿನದು ರವೀಂದ್ರರ ತಂದೆ ದೇವೇಂದ್ರನಾಥರ ಬ್ರಾಹ್ಮಸಮಾಜದ ಮನೆ. ಐದನೆಯ ನಂಬರಿನದು ಅವರ ತಮ್ಮ ಗಿರೀಂದ್ರನಾಥರ ಕವಲಿಗೆ ಬಂದ ಬೈಠಕ್‌ಖಾನೆ ಮನೆ. ಅಲ್ಲಿ ಮನೆದೇವರ ಪೂಜೆ ಉಳಿಯಿತು, ಹಾಡು, ಹಾಸ್ಯ, ಶೋಕಿಗಳೂ ಉಳಿದವು. ಗಿರೀಂದ್ರನಾಥರು ‘ಬಾಬುಬಿಲಾಸ್’ ಎಂಬ ಆಟ ಬರೆದು ಆಡಿಸಿದ್ದರು. ಅವರ ಮಗ ಗುಣೇಂದ್ರನಾಥ ಮತ್ತು ದೇವೇಂದ್ರನಾಥರ ಮಗ ಜ್ಯೋತಿರಿಂದ್ರನಾಥ ಸೇರಿ 1865ರಲ್ಲಿ ಜೋರಾಸಾಂಕೊ ನಾಟ್ಯಶಾಲೆ ಕಟ್ಟಿದರು. ಆ ಹುಚ್ಚು ಹತ್ತಿಸಿದ್ದು ಗೋಪಾಲ್ ಉಡೆ ಎಂಬ ಒಡಿಯಾ ಹಾಡುಗಾರನ ಜಾತ್ರಾ. ಜಾತ್ರಾ ಎಂದರೆ ಬಂಗಾಳದ ಬಯಲಾಟ: ಸುತ್ತ ಜನ, ನಡುವೆ ಬಯಲು, ಹಿಮ್ಮೇಳಕ್ಕೆ ‘ಜೂರಿ’ಗಳು, ಮೇಳವನ್ನು ಆಳುವ ‘ಅಧಿಕಾರಿ’, ಹಾಸ್ಯ, ಶೃಂಗಾರ ಎಲ್ಲ ಧಾರಾಳ.

ಜಾತ್ರಾ ನೋಡಿ ಮರುಳಾದ ಹುಡುಗರು ಕಟ್ಟಿದ್ದು ಮಾತ್ರ ಜಾತ್ರಾ ಅಲ್ಲ. ಪರದೆ, ದೃಶ್ಯ, ಚೌಕಟ್ಟು ಎಲ್ಲ ಇದ್ದ ವಿಲಾಯತಿ ಮಾದರಿಯ ರಂಗ. ಮೊದಲು ಮೈಕೇಲ್ ಮಧುಸೂದನ ದತ್ತರ ನಾಟಕಗಳನ್ನಾಡಿದರು. ಆಮೇಲೆ ಸಮಾಜಕ್ಕೆ ಬುದ್ಧಿ ಹೇಳುವ ನಾಟಕ ಬೇಕೆಂದು ಬಹುಪತ್ನಿತ್ವದ ವಿಷಯ ಕೊಟ್ಟು ಬಹುಮಾನ ಸಾರಿದರು. ರಾಮನಾರಾಯಣ ತರ್ಕರತ್ನರು ಬರೆದ ‘ನವನಾಟಕ’ಕ್ಕೆ 200 ರೂಪಾಯಿ ಸಂದಿತು, 1867ರ ಜನವರಿ 5ರಂದು ಅದು ರಂಗಕ್ಕೆ ಬಂತು. ಜ್ಯೋತಿರಿಂದ್ರರೇ ನಟಿಯ ವೇಷ ಹಾಕಿದ್ದರು. ಗೋಪಾಲ್ ಉಡೆಯ ಆಟದಿಂದ ಕಿಡಿ ಬೇಕಾಯಿತು, ಅವನ ಆಟದ ರೀತಿ ಬೇಡವಾಯಿತು. ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯ ವಿದ್ಯಾವಂತ ಮನೆಗಳೆಲ್ಲ ಹೀಗೆಯೇ ನಡೆದುಕೊಂಡವು ಎನ್ನಿ. ಬೀದಿಯ ಹಾಡು ಇಂಪಾಗಿರಬಹುದು, ಹಜಾರದೊಳಕ್ಕೆ ಬರುವಾಗ ಮೈ ತೊಳೆದುಕೊಂಡು ಬರಬೇಕು.

ಅವನೀಂದ್ರರು ಹುಟ್ಟಿದ್ದು ಈ ಐದನೆಯ ನಂಬರಿನ ಮನೆಯಲ್ಲಿ, 1871ರ ಆಗಸ್ಟ್ 7ರಂದು, ಗುಣೇಂದ್ರನಾಥರ ಮಗನಾಗಿ. ಹತ್ತನೆಯ ವಯಸ್ಸಿಗೆ ತಂದೆ ತೀರಿಕೊಂಡರು. ಅದೇ 1881ರ ಫೆಬ್ರವರಿಯಲ್ಲಿ ಪಕ್ಕದ ಮನೆಯಲ್ಲಿ ‘ವಾಲ್ಮೀಕಿ ಪ್ರತಿಭಾ’ ಗೀತನಾಟಕದ ಮೊದಲ ಪ್ರಯೋಗ ನಡೆದಿತ್ತು: ಹತ್ತೊಂಬತ್ತರ ಹರೆಯದ ರವೀಂದ್ರರು ವಾಲ್ಮೀಕಿ, ಅಣ್ಣನ ಮಗಳು ಪ್ರತಿಭಾ ಸರಸ್ವತಿ. ಮನೆಯ ಹೆಣ್ಣುಮಗಳೇ ರಂಗಕ್ಕೆ ಬಂದದ್ದು ಆ ಕಾಲಕ್ಕೆ ದೊಡ್ಡ ಸಂಗತಿ. ಮುಂದೆ ಅವನೀಂದ್ರರೂ ಅಣ್ಣ ಗಗನೇಂದ್ರನಾಥರೂ ಚಿಕ್ಕಪ್ಪ ರವೀಂದ್ರರ ನಾಟಕಗಳಿಗೆ ಎಡಗೈ ಬಲಗೈಗಳಾದರು. ರಂಗ ಕಟ್ಟಿದರು, ವೇಷ ಹೊಲಿಸಿದರು, ಬಣ್ಣ ಬಳಿದರು, ನಟಿಸಿದರು. ಗಂಭೀರ ಪಾತ್ರಗಳು ಅಣ್ಣನಿಗೆ ಸಲ್ಲುತ್ತಿದ್ದವು, ಹಾಸ್ಯ ತಮ್ಮನ ಪಾಲು. ‘ಬೈಕುಂಠೇರ್ ಖಾತಾ’ ಪ್ರಹಸನದಲ್ಲಿ ತಿನ್‌ಕಡಿ ಎಂಬ ಪುಕ್ಕಟೆ ಊಟದ ಗಿರಾಕಿಯ ಪಾತ್ರದಿಂದ ಅವನೀಂದ್ರರು ಹೆಸರಾದರು. 1917ರಲ್ಲಿ ‘ಡಾಕ್‌ಘರ್’ ಆಡಿದಾಗ ಜೋರಾಸಾಂಕೊದ ವಿಚಿತ್ರಾ ಭವನದ ಕೋಣೆಯೊಳಗೇ ಬಂಗಾಳದ ಹುಲ್ಲುಮಾಡಿನ ಗುಡಿಸಲೊಂದು ಎದ್ದಿತು. ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ ಗಾಂಧೀಜಿ, ತಿಲಕ್, ಮಾಳವೀಯ, ಆನಿ ಬೆಸೆಂಟ್ ಆ ಆಟ ನೋಡಿದರು.

ರವೀಂದ್ರರು 1902ರಲ್ಲೇ ‘ರಂಗಮಂಚ’ ಎಂಬ ಪ್ರಬಂಧದಲ್ಲಿ, ಚಿತ್ರ ಬರೆದ ಪರದೆಗಳನ್ನೂ ಭಾರದ ದೃಶ್ಯಸಜ್ಜನ್ನೂ ಟೀಕಿಸಿ, ಜಾತ್ರಾದ ಬಯಲೇ ಲೇಸೆಂದಿದ್ದರು. ಆ ಮಾತಿಗೆ ತಕ್ಕಂತೆ ಅವರ ರಂಗ ಹಗುರಾಗುತ್ತ ಹೋಯಿತು, ಸಾಂಕೇತಿಕವಾಗುತ್ತ ಹೋಯಿತು. ಆದರೂ ಜಾತ್ರಾದ ಬಯಲನ್ನು ಒಪ್ಪಿದ ರವೀಂದ್ರರು ಅದರ ಪೋಕರಿತನವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವರ ನಾಟಕಗಳ ಠಾಕುರ್ದಾ ಎಂಬ ಅಜ್ಜ, ಹಾಡುವ ಕುರುಡ ಬಾವುಲ್, ಎಲ್ಲರೂ ಕೊನೆಗೆ ಕವಿಯ ಮಾತನ್ನೇ ಆಡುವವರು. ಹಾದಿ ಕವಲೊಡೆಯುವುದು ಇಲ್ಲಿ.

ಅವನೀಂದ್ರರನ್ನು ಬರವಣಿಗೆಗೆ ಎಳೆದವರೂ ರವೀಂದ್ರರೇ. ಮಕ್ಕಳಿಗಾಗಿ ‘ಬಾಲ್ಯಗ್ರಂಥಾವಳಿ’ ಎಂಬ ಮಾಲೆ ಹೊರಡಿಸುವ ಯೋಚನೆ ನಡೆದಾಗ, ಬಾಯಲ್ಲಿ ಹೇಳುವ ಹಾಗೆಯೇ ಬರೆ, ತಿದ್ದುವುದಿದ್ದರೆ ನಾನಿದ್ದೇನೆ ಎಂದು ಹುರಿದುಂಬಿಸಿದರು. ಹೀಗೆ 1895ರಲ್ಲಿ ‘ಶಕುಂತಲಾ’, ಮರುವರ್ಷ ‘ಖೀರೇರ್ ಪುತುಲ್’ ಬಂದವು. ಎರಡನೆಯದರ ಎಳೆ ಸಿಕ್ಕಿದ್ದು ರವೀಂದ್ರರ ಮಡದಿ ಮೃಣಾಲಿನೀ ದೇವಿ ಬರೆದಿಟ್ಟುಕೊಂಡಿದ್ದ ಜನಪದ ಕಥೆಗಳಲ್ಲಿ. ರಾಜನಿಗೆ ಇಬ್ಬರು ರಾಣಿಯರು, ಒಬ್ಬಳು ಮೆಚ್ಚಿನವಳು, ಒಬ್ಬಳು ಮೂಲೆಗೆ ಬಿದ್ದವಳು. ದೇಶಾಂತರ ಹೊರಟ ರಾಜನನ್ನು ಮೆಚ್ಚಿನವಳು ಒಡವೆ ಕೇಳುತ್ತಾಳೆ, ಬಿಟ್ಟವಳು ಒಂದು ಕೋತಿ ಕೇಳುತ್ತಾಳೆ. ಆ ಕೋತಿ ಸುಳ್ಳಿನ ಮೇಲೆ ಸುಳ್ಳು ಪೋಣಿಸಿ, ಇಲ್ಲದ ರಾಜಕುಮಾರನನ್ನು ಹುಟ್ಟಿಸಿ, ಅವನಿಗೆ ಮದುವೆಯನ್ನೂ ಗೊತ್ತುಮಾಡಿ, ಕಡೆಗೆ ಖೋವಾದ ಬೊಂಬೆಯೊಂದನ್ನು ಮದುಮಗನೆಂದು ಪಲ್ಲಕ್ಕಿಯಲ್ಲಿ ಕೂರಿಸಿ ದಿಬ್ಬಣ ಹೊರಡಿಸುತ್ತದೆ. ಮಕ್ಕಳನ್ನು ಕಾಯುವ ಷಷ್ಠೀದೇವಿ ಹಸಿದು ಆ ಬೊಂಬೆಯನ್ನು ಕದ್ದು ತಿಂದು ಸಿಕ್ಕಿಬೀಳುತ್ತಾಳೆ. ಮಾನ ಉಳಿಯಬೇಕಾದರೆ ನಿಜವಾದ ಮಗುವನ್ನು ಕೊಡು ಎಂದು ಕೋತಿ ಪಟ್ಟು ಹಿಡಿಯುತ್ತದೆ.

ಈ ಕೋತಿಯನ್ನು ಕಥೆಯ ಪಾತ್ರವೆಂದು ಓದಿದರೆ ಅದು ಜಾಣ ಪ್ರಾಣಿ, ಅಷ್ಟೆ. ಬಯಲಾಟ ಕಂಡವರಿಗೆ ಅದರ ಗುರುತು ಬೇರೆಯೇ ಸಿಗುತ್ತದೆ. ರಾಜನ ಮುಂದೆ ಕೈಮುಗಿದು ನಿಂತೇ ರಾಜನನ್ನು ಆಡಿಸುವ, ದೇವಿಯನ್ನೂ ಗದರಿಸುವ, ನೋಡುವವರ ಕಡೆಗೆ ಕಣ್ಣು ಹೊಡೆಯುವ ಹಾಸ್ಯಗಾರ ಅದು. ಐದನೆಯ ನಂಬರಿನ ಮನೆ ಮೂವತ್ತು ವರ್ಷ ಹಿಂದೆ ಹೊಸ್ತಿಲಾಚೆ ನಿಲ್ಲಿಸಿದ್ದ ಜಾತ್ರಾದ ವಿದೂಷಕ ಮಕ್ಕಳ ಪುಸ್ತಕದ ಕಿಟಕಿಯಿಂದ ಒಳಗೆ ಹಾರಿದ್ದಾನೆ. ಷಷ್ಠಿಯ ವರದಿಂದ ಕೋತಿಗೆ ದಿವ್ಯದೃಷ್ಟಿ ಬಂದು ಮಕ್ಕಳ ಲೋಕ ಕಾಣುವ ಭಾಗವಂತೂ ಸಂಪೂರ್ಣ ರಂಗದ ಕೆಲಸ. ಬಂಗಾಳಿ ಶಿಶುಪ್ರಾಸಗಳ ತುಣುಕುಗಳನ್ನೇ ಹೆಣೆದು ಅವರು ಆ ಲೋಕ ಕಟ್ಟುತ್ತಾರೆ. ತಾಯಂದಿರ ಬಾಯಲ್ಲಿ ಕೇಳಿದ ಸಾಲುಗಳೆಲ್ಲ ಒಮ್ಮೆಗೇ ನಿಜವಾಗಿ ಓಡಾಡತೊಡಗುತ್ತವೆ. ಹಿಮ್ಮೇಳ ಇದ್ದಕ್ಕಿದ್ದಂತೆ ಎದ್ದು ಬಂದು ಮುಮ್ಮೇಳವಾದರೆ ಹೇಗೆ, ಹಾಗೆ.

ಈ ಸ್ವರದ ಮೂಲ ಹಜಾರದ ನಾಟಕದಲ್ಲಷ್ಟೇ ಇರಲಿಲ್ಲ. ‘ಆಪನ್ ಕಥಾ’ದಲ್ಲಿ ಅವರು ಬಾಲ್ಯ ಹೇಳಹೊರಟಾಗ ಮೊದಲು ಕಾಣಿಸಿಕೊಳ್ಳುವವರಲ್ಲಿ ಪದ್ಮದಾಸಿ ಇದ್ದಾಳೆ, ರಾಮಲಾಲ್ ಎಂಬ ಆಳು ಇದ್ದಾನೆ. ಮಹರ್ಷಿ ಎನಿಸಿದ ದೇವೇಂದ್ರನಾಥರೂ ರಾಜರುಗಳೂ ಬರುವುದು ಆಮೇಲೆ. ದೊಡ್ಡವರು ರಂಗದ ಮೇಲೆ ಶುದ್ಧ ಭಾಷೆಯಲ್ಲಿ ಸಮಾಜ ತಿದ್ದುತ್ತಿದ್ದಾಗ, ಒಳಮನೆಯ ಮಬ್ಬಿನಲ್ಲಿ ದಾದಿಯರೂ ಅಜ್ಜಿಯರೂ ನಡೆಸುತ್ತಿದ್ದ ಇನ್ನೊಂದು ಆಟ ಆ ಮನೆಯಲ್ಲಿತ್ತು. ಟಾಗೋರ್ ರಂಗಭೂಮಿಯ ಚರಿತ್ರೆ ಬರೆಯುವವರು ಅದನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಅವನೀಂದ್ರರ ಗದ್ಯ ಎರಡನ್ನೂ ಸೇರಿಸಿ ಕುಡಿದದ್ದು.

ಆದರೆ ಅವರ ಎಲ್ಲ ಪುಸ್ತಕಗಳ ಬಗ್ಗೆಯೂ ಇದೇ ಮಾತು ಹೇಳಲಾರೆ. ಶಾಲೆಗಳಲ್ಲಿ ಹೆಚ್ಚು ಮೆರೆದ ‘ರಾಜಕಾಹಿನಿ’ (1909) ನನ್ನ ಮಟ್ಟಿಗೆ ಅವರ ಪರಂಪರೆಯ ದುರ್ಬಲ ಕೊಂಡಿ. ಕರ್ನಲ್ ಟಾಡ್ ಬರೆದಿಟ್ಟ ರಜಪೂತ ಕಥೆಗಳ ಮೇಲೆ ಕಟ್ಟಿದ ಈ ಪುಸ್ತಕದ ಭಾಷೆಗೆ ಬೆರಗಾಗದೆ ಇರಲಾರೆವು, ನಿಜ. ಆದರೆ ಅದರ ಹಿಂದೆ ನಿಂತಿರುವುದು ಜ್ಯೋತಿರಿಂದ್ರರ ರಂಗ. 1875ರ ಅವರ ‘ಸರೋಜಿನಿ’ ನಾಟಕ ರಜಪೂತರ ಚಿತ್ತೋರಿನ ಮುತ್ತಿಗೆಯ ಕಥೆ; ಸಾರ್ವಜನಿಕ ರಂಗಮಂದಿರಗಳಲ್ಲಿ ಹೆಂಗಸರು ಚಿತೆಗೆ ಹಾರುವ ದೃಶ್ಯ ನೋಡಿ ಜನ ರೋಮಾಂಚನಗೊಂಡಿದ್ದರು. ‘ರಾಜಕಾಹಿನಿ’ಯ ಪದ್ಮಿನಿ ಆ ದೃಶ್ಯದ ಮೊಮ್ಮಗಳು. ಪಾತ್ರಗಳು ಮೂರ್ತಿಗಳಂತೆ ನಿಲ್ಲುತ್ತವೆ, ದೀಪಗಳು ಬೇಕಾದಲ್ಲಿ ಉರಿಯುತ್ತವೆ, ಸುಲ್ತಾನನಿಗೆ ಸುಲ್ತಾನನ ಬಣ್ಣ, ವೀರನಿಗೆ ವೀರನ ಬಣ್ಣ. ಸ್ವದೇಶಿ ಚಳವಳಿಯ ಬಿಸಿಯಲ್ಲಿ ಬರೆದದ್ದಕ್ಕೆ ಆ ಕಾಲದ ಕಾರಣಗಳಿದ್ದವು. ಹಾಗೆಂದು ಇಂದಿನ ಮಗುವಿನ ಕೈಗೆ ಕೊಡುವಾಗ ನಾವು ಅದನ್ನು ಕಣ್ಣುಮುಚ್ಚಿ ಮೆಚ್ಚಬೇಕಿಲ್ಲ. ಕೋತಿಗೆ ಅಲ್ಲಿ ಪ್ರವೇಶವಿಲ್ಲ ಎಂಬುದೇ ಆ ಪುಸ್ತಕದ ಕೊರತೆ.

ಕೋತಿ ಮರಳಿ ಬರುವುದು 1915ರ ‘ಭೂತ್ ಪತ್ರೀರ್ ದೇಶ್’ನಲ್ಲಿ, ರೂಪ ಬದಲಿಸಿಕೊಂಡು. ಪುರಿ, ಕೋನಾರ್ಕದ ಮರಳುಗಾಡಿನಲ್ಲಿ ರಾತ್ರಿ ಪಲ್ಲಕ್ಕಿಯ ಪಯಣ. ಹೊರುವವರು ಬೋಯಿಗಳೋ ಭೂತಗಳೋ ತಿಳಿಯದು. ಕಥೆಯೆಂಬುದು ಹೆಚ್ಚೇನೂ ಇಲ್ಲ. ಪಲ್ಲಕ್ಕಿ ಹೊರುವವರ ಹುಯಿಲಿನ ಲಯವೇ ಪುಸ್ತಕವನ್ನು ಎತ್ತಿಕೊಂಡು ಓಡುತ್ತದೆ. ಮಗು ಇದನ್ನು ಮೌನವಾಗಿ ಓದಲಾರದು. ತುಟಿ ಅಲುಗಲೇಬೇಕು, ಭುಜವೂ ಅಲುಗಬಹುದು. ಬಂಗಾಳಿ ಗದ್ಯದಲ್ಲಿ ಅಷ್ಟು ನಿರ್ಭಯವಾಗಿ ಅರ್ಥವನ್ನು ಸದ್ದಿನ ಹಿಂದೆ ಕಳಿಸಿದ ಪುಸ್ತಕ ಅದಕ್ಕೆ ಮುಂಚೆ ಬಂದಿರಲಿಲ್ಲ ಎಂದೇ ನನ್ನ ಎಣಿಕೆ.

ಅವರು ಹೊರಗಿನಿಂದ ತಂದುಕೊಂಡದ್ದರಲ್ಲೂ ಒಂದು ವಿಶೇಷವಿದೆ. ‘ಖಾತಾಂಚಿರ್ ಖಾತಾ’ದ ಹಿಂದೆ ಬ್ಯಾರಿಯ ಪೀಟರ್ ಪ್ಯಾನ್ ಇದ್ದಾನೆ, ‘ಆಲೋರ್ ಫುಲ್ಕಿ’ಯ ಹಿಂದೆ ಫ್ರೆಂಚ್ ಲೇಖಕ ರೊಸ್ತಾಂನ ‘ಶಾಂತೆಕ್ಲೇರ್’, ತಾನು ಕೂಗಿದ್ದರಿಂದಲೇ ಸೂರ್ಯ ಹುಟ್ಟುತ್ತಾನೆಂದು ನಂಬಿದ ಹುಂಜದ ಕಥೆ. ಇವೆರಡೂ ರಂಗದ ಮೇಲೆ ಬಂದ ನಾಟಕಗಳು. ಇವನ್ನು ಮಕ್ಕಳ ಗದ್ಯವಾಗಿಸಿದ ಅವನೀಂದ್ರರು ಇತ್ತ ರಾಜಶೇಖರ ಬಸು ‘ಪರಶುರಾಮ’ ಎಂಬ ಹೆಸರಿನಲ್ಲಿ ಬರೆದ ‘ಲಂಬಕರ್ಣ’ ಎಂಬ ಆಡಿನ ಕಥೆಯನ್ನು ಎತ್ತಿಕೊಂಡು ಜಾತ್ರಾದ ಆಟ, ಅಂದರೆ ‘ಪಾಲಾ’ ಮಾಡಿದರು. ನಾಟಕವನ್ನು ಕಥೆಗೆ, ಕಥೆಯನ್ನು ನಾಟಕಕ್ಕೆ ಹೀಗೆ ದಾಟಿಸುವುದು ಅವರಿಗೆ ಎರಡು ಕೋಣೆಗಳ ನಡುವಿನ ಓಡಾಟದಷ್ಟೇ ಸಲೀಸಾಗಿತ್ತು. ಸ್ವೀಡನ್ನಿನ ಸೆಲ್ಮಾ ಲಾಗರ್‌ಲೋಫ್ ಬರೆದ ನಿಲ್ಸನ ಕಥೆಯನ್ನು ‘ಬುಡೊ ಆಂಗ್ಲಾ’ ಮಾಡಿದಾಗ ಹೆಬ್ಬೆರಳುದ್ದಕ್ಕೆ ಇಳಿದ ತುಂಟ ರಿದಯನಿಗೆ ಶಾಪ ಕೊಟ್ಟವನು ಗಣೇಶ. ಹಂಸಗಳು ಹಾರಿದ್ದು ಹಿಮಾಲಯದ ಕಡೆಗೆ. ಮೂಲದಲ್ಲಿ ಭೂಗೋಳದ ಪಾಠ ಹದವಾಗಿ ಬೆರೆತಿದೆ. ಇಲ್ಲಿ ಪಾಠ ಮಾಯವಾಗಿದೆ. ಒಂದೊಂದು ಹಕ್ಕಿಗೂ ಪ್ರಾಣಿಗೂ ಒಂದೊಂದು ಊರಿನ ಮಾತಿನ ವರಸೆ ಬಂದಿದೆ. ಒಬ್ಬನೇ ನಟ ಹತ್ತು ಸ್ವರ ಹೊರಡಿಸುತ್ತಿದ್ದಾನೆ. ಕೆಲವೊಮ್ಮೆ ಆ ಆಟ ಅತಿಯಾಗಿ ಕಥೆ ದಾರಿ ತಪ್ಪುವುದೂ ಉಂಟು, ನಡುವಿನ ಕೆಲವು ಅಧ್ಯಾಯಗಳಲ್ಲಿ ಹಂಸಗಳಿಗಿಂತ ನಾನೇ ಹೆಚ್ಚು ದಣಿದಿದ್ದೇನೆ.

1929ರ ಸುಮಾರಿಗೆ ಅವರು ಒಂದು ಮುಖವಾಡ ಮಾಲಿಕೆ ಚಿತ್ರಿಸಿದರು. ರವೀಂದ್ರರ ‘ತಪತಿ’ ನಾಟಕದ ನಟರ ಮುಖಗಳೇ ಅಲ್ಲಿ ಮುಖವಾಡಗಳು. ಮರುವರ್ಷ ‘ಅರೇಬಿಯನ್ ನೈಟ್ಸ್’ ಮಾಲಿಕೆ. ಬಗ್ದಾದಿನ ಕಥೆಗಳೊಳಗೆ ಕಲ್ಕತ್ತೆಯ ಮನೆ, ಬೀದಿ, ಜನ. ಅಲ್ಲಿಂದ ಮುಂದೆ ಹಲವು ವರ್ಷ ಕುಂಚವನ್ನು ಬಹುಮಟ್ಟಿಗೆ ಬದಿಗಿಟ್ಟು ಜಾತ್ರಾ ಪಾಲಾಗಳನ್ನು ಬರೆಯುತ್ತ ಕೂತರು. ದೇಶದ ಹೆಸರಾಂತ ಚಿತ್ರಕಾರ ಅರುವತ್ತರ ಅಂಚಿನಲ್ಲಿ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ರಾಮಾಯಣದ ಆಟ ಕಟ್ಟುವುದನ್ನು ಅಭಿಮಾನಿಗಳು ಮುದಿತನದ ಹುಡುಗಾಟವೆಂದು ತಳ್ಳಿಹಾಕಿದ್ದರೆ ಆಶ್ಚರ್ಯವಿಲ್ಲ. ಆ ದಿನಗಳಲ್ಲಿ ಮನೆಯ ಸ್ಥಿತಿ ನೋಡಿ. ಆಸ್ತಿ ಕರಗುತ್ತಿತ್ತು. ದಕ್ಷಿಣದ ಜಗಲಿಯಲ್ಲಿ ಪಕ್ಕದಲ್ಲೇ ಕೂತು ಚಿತ್ರ ಬರೆಯುತ್ತಿದ್ದ ಅಣ್ಣ ಗಗನೇಂದ್ರರಿಗೆ 1930ರಲ್ಲಿ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. ಎಂಟು ವರ್ಷ ಹಾಗೆಯೇ ಬದುಕಿದರು. ಮನೆಯ ಮುಖ್ಯ ನಟನ ಬಾಯಿ ಕಟ್ಟಿದ ಜಗಲಿಯಲ್ಲಿ ಅವನ ತಮ್ಮ ಮೊಮ್ಮಕ್ಕಳ ಬಾಯಿಗೆ ಮಾತು ಬರೆದುಕೊಡುತ್ತಿದ್ದ.

ಆ ಪಾಲಾಗಳಲ್ಲಿ ‘ಖುದ್ದುರ್ ಜಾತ್ರಾ’ ಎಲ್ಲಕ್ಕಿಂತ ಧೈರ್ಯದ್ದು. ಕೈಬರಹದ ಪುಟಗಳ ನಡುವೆ ಪತ್ರಿಕೆಯ ಚಿತ್ರ, ಜಾಹೀರಾತು, ಲೇಬಲ್ಲುಗಳನ್ನು ಕತ್ತರಿಸಿ ಅಂಟಿಸಿದ್ದಾರೆ. ರಾಮನ ಕಥೆಯೊಳಗೆ ಕಲ್ಕತ್ತೆಯ ಬೀದಿ ನುಗ್ಗುತ್ತದೆ, ಬಂಗಾಳಿಯ ಜೊತೆಗೆ ಬೆರಕೆ ಹಿಂದಿ, ಇಂಗ್ಲಿಷ್ ಮಾತುಗಳೂ ನುಗ್ಗುತ್ತವೆ. ‘ಭಾರತಮಾತೆ’ಯ ಚಿತ್ರಕಾರನೇ ಸಾಬೂನು, ಔಷಧಿಗಳ ಕಾಲಕ್ಕೆ ರಾಮಾಯಣವನ್ನು ಇಳಿಸಿ ನಗುತ್ತಿದ್ದಾನೆ ಎಂಬುದನ್ನು ಕಲಾವಿಮರ್ಶಕರು ಗುರುತಿಸಿದ್ದು ಬಹಳ ತಡವಾಗಿ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆಟದ ರೀತಿ. ಇಲ್ಲಿ ಪರದೆಯಿಲ್ಲ, ನೀತಿಯಿಲ್ಲ, ಬಹುಮಾನ ಪಡೆದ ವಿಷಯವಿಲ್ಲ. ಜೂರಿ ಇದ್ದಾರೆ, ಹಾಡಿದೆ, ಪೋಕರಿ ಮಾತಿದೆ. ತಂದೆ ಬಾಗಿಲಲ್ಲಿ ನಿಲ್ಲಿಸಿದ್ದ ಗೋಪಾಲ್ ಉಡೆಯನ್ನು ಮಗ ಕಡೆಗೂ ಕೈಹಿಡಿದು ಜಗಲಿಗೆ ಕರೆತಂದಿದ್ದಾರೆ.

ಹಾಗಾದರೆ ಈ ಪಾಲಾಗಳು ಏಕೆ ಉಳಿಯಲಿಲ್ಲ? ಪುಸ್ತಕವಾಗಿ ಉಳಿದಿವೆ, ರಂಗದ ಮೇಲೆ ಅವುಗಳ ಬಾಳು ತೀರ ಕಡಿಮೆ. ಇದೇ ಕಲ್ಕತ್ತೆಯ ಇನ್ನೊಂದು ಮನೆತನವನ್ನು ಪಕ್ಕಕ್ಕಿಟ್ಟು ನೋಡಿದರೆ ಕಾರಣ ಹೊಳೆಯುತ್ತದೆ. ಉಪೇಂದ್ರಕಿಶೋರ್ ರಾಯ್‌ಚೌಧುರಿಯವರ ಮಗ ಸುಕುಮಾರ ರಾಯ್ ತಮ್ಮ ನಾನ್ಸೆನ್ಸ್ ಕ್ಲಬ್ಬಿನ ಗೆಳೆಯರಿಗಾಗಿ ಬರೆದ ‘ಲಕ್ಷ್ಮಣೇರ್ ಶಕ್ತಿಶೇಲ್’ ಕೂಡ ರಾಮಾಯಣದ ಅಣಕವೇ. ಅದನ್ನು ಬಂಗಾಳದ ಶಾಲಾ ಮಕ್ಕಳು ಇಂದಿಗೂ ಆಡುತ್ತಾರೆ. ಸುಕುಮಾರರ ನಗೆ ನಿಂತಿರುವುದು ತರ್ಕದ ಮೇಲೆ. ಯಾರು ಹನುಮಂತನಾದರೂ, ಯಾವ ಊರಲ್ಲಿ ಆಡಿದರೂ ಆ ತರ್ಕ ಕೆಲಸ ಮಾಡುತ್ತದೆ. ಅವನೀಂದ್ರರ ಪಾಲಾ ಗೊತ್ತಿದ್ದ ಕಂಠಗಳನ್ನು ನೆಚ್ಚಿಕೊಂಡದ್ದು. ಈ ಮೊಮ್ಮಗ ತೊದಲುತ್ತಾನೆ, ಆ ಹುಡುಗನ ಹಾಡು ಚೆನ್ನ, ಇನ್ನೊಬ್ಬ ಕೂತಲ್ಲೇ ನಗುತ್ತಾನೆ, ಇಂಥ ಲೆಕ್ಕಗಳಿಂದ ಹುಟ್ಟಿದಂತಿರುವ ಮಾತು ಅಪರಿಚಿತರ ಬಾಯಲ್ಲಿ ಸಪ್ಪೆಯಾಗುತ್ತದೆ. ಓದುವಾಗಲೂ ಪದಚಮತ್ಕಾರದ ಸಂತೆಯಲ್ಲಿ ಕಥೆಯ ಕೈ ಬಿಟ್ಟುಹೋಗಿ ಹತ್ತು ಪುಟಕ್ಕೇ ಸುಸ್ತಾಗುತ್ತದೆ. ಪ್ರೇಕ್ಷಕರನ್ನು ಹುಡುಕಿಕೊಂಡು ಹೋಗಬೇಕಾದ ಅಗತ್ಯವೇ ಇರದ ರಂಗಕ್ಕೆ ಸಿಗುವ ಸ್ವಾತಂತ್ರ್ಯ ಬಲು ದೊಡ್ಡದು, ಅದಕ್ಕೆ ತೆರುವ ಬೆಲೆಯೂ ಇದೇ. 1865ರ ನಾಟ್ಯಶಾಲೆಯಿಂದ ಹಿಡಿದು ಜಗಲಿಯ ಪಾಲಾದವರೆಗೆ ಜೋರಾಸಾಂಕೊ ಟಿಕೆಟ್ಟಿನ ಹಂಗಿಲ್ಲದೆ ಆಡಿದ್ದೇ ಹೆಚ್ಚು. ಸಾರ್ವಜನಿಕ ರಂಗಮಂದಿರ ನಡೆಸಿದ ನಾಟಕಕಾರ ಗಿರೀಶ್ ಘೋಷರಂತೆ ರಾತ್ರಿ ರಾತ್ರಿ ಜನ ತುಂಬಿಸಬೇಕಾದ ಚಿಂತೆ ಅದಕ್ಕಿರಲಿಲ್ಲ. ಜಮೀನ್ದಾರಿಯ ಆದಾಯ ಆ ಚಿಂತೆಯನ್ನು ಹೊತ್ತುಕೊಂಡಿತ್ತು ಎಂಬುದನ್ನು ಮರೆಯಬಾರದು. ಪೂರ್ವ ಬಂಗಾಳದ, ಒಡಿಶಾದ ರೈತರ ಗೇಣಿ ಈ ಹುಲ್ಲುಗುಡಿಸಲುಗಳ ರಂಗಸಜ್ಜಿಕೆಯಲ್ಲೂ ಇದೆ.

1941ರ ಆಗಸ್ಟ್ 7ರಂದು, ಅವನೀಂದ್ರರಿಗೆ ಎಪ್ಪತ್ತು ತುಂಬಿದ ದಿನವೇ, ರವೀಂದ್ರರು ತೀರಿಕೊಂಡರು. ಅದೇ ವರ್ಷ ಐದನೆಯ ನಂಬರಿನ ಮನೆ ಕೈಬಿಟ್ಟು ಅವನೀಂದ್ರರು ಬರಾನಗರದ ಗುಪ್ತನಿವಾಸಕ್ಕೆ ಹೋದರು; ಮುಂದೆ ಆ ಮನೆಯನ್ನೇ ಕೆಡವಲಾಯಿತು. ರಾಣಿ ಚಂದ ಕೇಳಿ ಬರೆದುಕೊಂಡ ‘ಘರೋಯಾ’, ‘ಜೋರಾಸಾಂಕೊರ್ ಧಾರೆ’ ಎಂಬೆರಡು ಪುಸ್ತಕಗಳಲ್ಲಿ ಆ ಮನೆಯ ಆಟಗಳೆಲ್ಲ ಮಾತಿನ ರೂಪದಲ್ಲಿ ಸಿಗುತ್ತವೆ. ರಂಗ ಇತಿಹಾಸಕಾರರು ಅವನ್ನು ಮಾಹಿತಿಗಾಗಿ ಬಗೆಯುತ್ತಾರೆ, ಇಸವಿಗಳು ಹೊಂದಲಿಲ್ಲವೆಂದು ಗೊಣಗುತ್ತಾರೆ. ಅವು ಆ ಪರಂಪರೆಯ ಕೊನೆಯ ಪ್ರಯೋಗಗಳು ಕೂಡ. ಮುದುಕರೊಬ್ಬರು ಒಬ್ಬರೇ ಕೂತು ಎಲ್ಲರ ಪಾತ್ರವನ್ನೂ ಮಾಡಿ ತೋರಿಸಿದ್ದಾರೆ. ಮಗಳ ಮಗ ಮೋಹನಲಾಲ್ ಗಂಗೋಪಾಧ್ಯಾಯರ ‘ದಕ್ಷಿಣೇರ್ ಬಾರಾಂದಾ’ ಓದಿದರೆ ಜಗಲಿಯ ಚಿತ್ರ ಇನ್ನೊಂದು ಕಡೆಯಿಂದ, ಆಡಿದ ಹುಡುಗನ ಕಡೆಯಿಂದ ದೊರೆಯುತ್ತದೆ. ಅಜ್ಜನ ಪಾಲಾ ಬರೀ ಓದಿದಾಗ ಸಪ್ಪೆಯಾಗಿ ಕಂಡವರು ಆ ಪುಸ್ತಕವನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಅವನೀಂದ್ರರನ್ನು ಕನ್ನಡಕ್ಕೆ ತರಹೊರಟವರು ‘ರಾಜಕಾಹಿನಿ’ಯಿಂದ ಶುರುಮಾಡದಿದ್ದರೆ ಲೇಸು, ಅದರ ವೈಭವ ನಮ್ಮ ಐತಿಹಾಸಿಕ ಕಾದಂಬರಿಗಳಲ್ಲಿ ನಮಗೆ ಬೇಕಾದಷ್ಟು ಸಿಕ್ಕಿದೆ. ‘ಭೂತ್ ಪತ್ರೀರ್ ದೇಶ್’ ಎತ್ತಿಕೊಳ್ಳಲಿ. ಆ ಕೆಲಸಕ್ಕೆ ಬಂಗಾಳಿ ಬಲ್ಲ ಪಂಡಿತರಿಗಿಂತ, ಬಂಗಾಳಿಯನ್ನು ಅಷ್ಟಿಷ್ಟೇ ತಿಳಿದಿದ್ದರೂ ಒಂದೆರಡು ವರ್ಷ ಯಾವುದಾದರೂ ಮೇಳದಲ್ಲಿ ಹಾಸ್ಯಗಾರನ ವೇಷ ಹಾಕಿದವರು ಹೆಚ್ಚು ತಕ್ಕವರು.